ಫೈಲಿನಲ್ಲಿರುವ ಬೆರಳು

ದುಡಿಯಲು ಬಂದ ಹೊರದೇಶದವರಿಗೆ ಊರಿಗೆ ಮರಳಲು ಅಪ್ಪಣೆ ಕೊಡುವ ಕಚೇರಿಯದು. ನೆಲ ಒರೆಸುತ್ತಿದ್ದವಳು ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರ ಕಾಲು ಎತ್ತಿಸಿ ಕೆಳಗೆ ಬಟ್ಟೆ ಎಳೆದಳು. ಕೌಂಟರಿನಿಂದ ಆಗಷ್ಟೇ ಬಂದ ಹಿರಿಯಳು ಅಂಗೈ ಬಿಚ್ಚಿಕೊಂಡೇ ಕೂತಿದ್ದಳು. ಪಕ್ಕದವಳು ಅವಳ ಜೊತೆಗೆ ಕೆಲಸ ಮಾಡುವವಳು.

“ಏನಂದ್ರಕ್ಕ?”

“ಮೆಷಿನ್ನಿಗೆ ನನ್ನ ಒಂದು ಬೆರಳೂ ಕಾಣಲಿಲ್ವಂತೆ. ಗೆರೆಯೆಲ್ಲ ಸವೆದುಹೋಗಿದೆಯಂತೆ.”

“ಈ ದೇಶಕ್ಕೆ ಬಂದಾಗ ಹತ್ತೂ ಬೆರಳು ಒತ್ತಿಸ್ಕೊಂಡಿದ್ರಲ್ಲ?”

“ಅವು ಫೈಲಲ್ಲಿ ಚೆನ್ನಾಗಿವೆಯಂತೆ ಕಣೇ. ನನ್ನ ಹತ್ರ ಇರೋವೇ ನನ್ನವಲ್ಲವಂತೆ.”

“ಥೂ! ಹತ್ತೊಂಬತ್ತು ವರ್ಷ ಆಸ್ಪತ್ರೆ ಕಕ್ಕಸು ತಿಕ್ಕಿದ್ದು ಯಾರ ಬೆರಳಂತೆ? ಕೇಳ್ಬೇಕಿತ್ತು.”

“ಕೇಳಿದೆ. ಹದಿನೈದು ದಿನ ಆಸಿಡ್ಡು, ನೀರು ಮುಟ್ಟದೆ ಇದ್ರೆ ಗೆರೆ ಮತ್ತೆ ಚಿಗುರತ್ತಂತೆ. ಆಮೇಲೆ ಬಾ ಅಂದ ಕೌಂಟರಿನವನು.”

“ಹದಿನೈದು ದಿನ ಕೈಕಟ್ಟಿ ಕೂತ್ರೆ ಮೇಸ್ತ್ರಿ ಬಿಡ್ತಾನಾ?”

“ಊರಿಗೆ ಹೋಗೋ ಕಾಗದ ತೋರಿಸಿದ್ರೆ ಕೆಲಸದಿಂದ ಬಿಡ್ತೀನಿ ಅಂತಾನೆ ಅವನು. ಕೆಲಸ ಬಿಟ್ಟು ಬಾ, ಕಾಗದ ಕೊಡ್ತೀನಿ ಅಂತಾನೆ ಇವನು.”

“ಮತ್ತೆ ಮಗಳ ಹೆರಿಗೆ?”

“ಈ ಸಲವಾದ್ರೂ ಬಾರಮ್ಮ ಅಂದಿದ್ಲು. ಶುಕ್ರವಾರದ ಟಿಕೆಟ್ಟು. ಪೆಟ್ಟಿಗೆಗೆ ಹಗ್ಗವನ್ನೂ ಬಿಗಿದಿಟ್ಟಿದ್ದೀನಿ ಕಣೇ.”

ಇಬ್ಬರೂ ಎದ್ದರು. ಹಿರಿಯಳ ಕಣ್ಣು ನೆಲ ಒರೆಸುವವಳ ಬರಿಗೈ ಮೇಲೆ ನಿಂತಿತು.

“ಕೈಗವಸು ಕೊಟ್ಟಿಲ್ವೇನವ್ವ?”

“ಮುಂದಿನ ತಿಂಗಳು ಕೊಡ್ತಾರಂತೆ.”

“ನಮಗೂ ಹಾಗೇ ಅಂದಿದ್ರು” ಎಂದ ಹಿರಿಯಳು, ಈಗಷ್ಟೇ ಒರೆಸಿದ ನೆಲ ತುಳಿಯದಂತೆ, ಗೋಡೆಗಂಟಿಕೊಂಡು ನಡೆದುಹೋದಳು.