ಸಾಹುಕಾರ ಕತ್ತರಿಸಿದ ಅರಿಷಿಣ ದಾರ

ಭಕ್ತಿ ಇದ್ದವನಿಂದ ತಪ್ಪಾಗುವುದಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಹೌದಲ್ಲವೇ? ತಲೆ ಆಡಿಸುತ್ತಿದ್ದೀರಿ. ಮುಂದಿನ ಸಾಲಿನವರಂತೂ ಸ್ವಲ್ಪ ಜೋರಾಗಿಯೇ ಆಡಿಸುತ್ತಿದ್ದೀರಿ. ಇರಲಿ. ಇವತ್ತು ನಾನು ಹೇಳುವುದು ಕಳ್ಳನ ಕಥೆಯಲ್ಲ, ಕುಡುಕನ ಕಥೆಯಲ್ಲ. ದಿನಾ ಪೂಜೆ ಮುಗಿಸಿಯೇ ಬಾಯಿಗೆ ನೀರು ಹಾಕುವವನ ಕಥೆ. ಅಂಥವನು ಒಂದು ಕತ್ತರಿ ಹಿಡಿದು, ದಾರ ಕತ್ತರಿಸಿ ಕಣ್ಣಿಗೆ ಒತ್ತಿಕೊಂಡು, ಒಂದು ಜೀವಕ್ಕೆ ಕುತ್ತು ತಂದ. ಹೇಗೆ ತಂದ? ಕೇಳಿ.

ಒಂದು ಊರು, ಜಿಲ್ಲೆಗೆ ದೊಡ್ಡದು. ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ. ಅವನ ಬೀಗರು ಇಲ್ಲೇ ಎಲ್ಲಾದರೂ ಕುಳಿತಿದ್ದರೆ ನಾಳೆಯಿಂದ ನನ್ನನ್ನು ಪ್ರಸಾದಕ್ಕೆ ಕರೆಯುವುದಿಲ್ಲ. ಅವನದು ಔಷಧಿಯ ಸಗಟು ವ್ಯಾಪಾರ. ಸುತ್ತಲಿನ ಆಸ್ಪತ್ರೆಗಳಿಗೆ, ಔಷಧಿ ಅಂಗಡಿಗಳಿಗೆ ಅವನಿಂದಲೇ ಮಾಲು. ಅವನ ತಂದೆ ಸಾಯುವಾಗ ಒಂದೇ ಮಾತು ಹೇಳಿದ್ದರಂತೆ: "ಔಷಧಿಗೆ ಬಂದವರನ್ನ ಬರಿಗೈಲೆ ಹೊಳ್ಳಿ ಕಳಿಸಬ್ಯಾಡಪಾ." ಮಗ ಆ ಮಾತನ್ನು ಮೂವತ್ತು ವರ್ಷ ಉಳಿಸಿಕೊಂಡು ಬಂದಿದ್ದ. ಅದೇ ಅವನ ದೊಡ್ಡ ಹೆಮ್ಮೆ. ಅವನ ಹತ್ತಿರ ಬೇರೆ ಏನಿದ್ದರೂ ಇಲ್ಲದಿದ್ದರೂ ಈ ಒಂದು ಮಾತು ಕೆಡಬಾರದು ಅಂತ ಅವನಿಗೆ ಇತ್ತು.

ಹಳೆಯ ಅಂಗಡಿ ಪೇಟೆಯ ಒಳಗಿತ್ತು. ಲಾರಿ ತಿರುಗಲು ಜಾಗವಿಲ್ಲ. ಹಾಗಾಗಿ ಊರ ಹೊರಗಿನ ಬೈಪಾಸ್ ರಸ್ತೆಗೆ ಹೊಸ ಆಫೀಸು ಕಟ್ಟಿಸಿದ. ಗುರುವಾರ ಬೆಳಿಗ್ಗೆ ಪ್ರವೇಶಕ್ಕೆ ಮುಹೂರ್ತವೂ ನಿಶ್ಚಯವಾಯಿತು. ನಾಲ್ಕು ಸಾವಿರ ರಟ್ಟಿನ ಪೆಟ್ಟಿಗೆಗಳು ಒಂದು ವಾರ ಮೊದಲೇ ಹೊಸ ಗೋದಾಮು ಸೇರಿದವು. ಇನ್ನು ಉಳಿದದ್ದು ಕಂಪ್ಯೂಟರು.

ನೋಡಿ, ಈಗ ಒಂದು ಸಣ್ಣ ಸಂಗತಿ ತಿಳಿದುಕೊಳ್ಳಬೇಕು. ತಾಯಂದಿರು ಗಾಬರಿಯಾಗಬೇಡಿ, ನನಗೆ ತಿಳಿದಿದೆ ಅಂದಮೇಲೆ ನಿಮಗೂ ತಿಳಿಯುತ್ತದೆ. ಆ ನಾಲ್ಕು ಸಾವಿರ ಪೆಟ್ಟಿಗೆಗಳ ಮೇಲೆ ಔಷಧಿಯ ಹೆಸರಿಲ್ಲ, ಬರೀ ನಂಬರು. ಯಾವ ನಂಬರಿನಲ್ಲಿ ಯಾವ ಔಷಧಿ ಎನ್ನುವುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಎಲ್ಲ ಕಂಪ್ಯೂಟರುಗಳಿಗೂ ಹಿರಿಯನಂತೆ ಒಂದು ದೊಡ್ಡ ಯಂತ್ರ, ಅದಕ್ಕೆ ಸರ್ವರ್ ಅನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಎಂಟು ಡಿಸ್ಕು. ಅಂಗೈಯಷ್ಟು ಅಗಲ, ಬಿಳಿ ಹಿಡಿಕೆ, ನೋಡಲು ಎಂಟೂ ಒಂದೇ. ಆದರೆ ಒಂದೊಂದಕ್ಕೂ ಅದರದೇ ಖಾನೆ. ಮೊದಲನೆಯದು ಮೊದಲನೆಯ ಖಾನೆಯಲ್ಲೇ ಕೂರಬೇಕು. ಅದಲುಬದಲಾದರೆ ಆ ಹಳೆಯ ಯಂತ್ರ ಏಳುವುದಿಲ್ಲ. ಬಲವಂತವಾಗಿ ಎಬ್ಬಿಸಿದರೆ ಬರೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಇದರ ನಕಲು ಇರಲಿಲ್ಲವೇ ಅಂತ ಕಂಪ್ಯೂಟರು ಓದಿದ ತಮ್ಮಂದಿರು ಗುಸುಗುಸು ಅನ್ನುತ್ತಿದ್ದೀರಿ. ಇತ್ತಪ್ಪ, ನಕಲು ಇತ್ತು. ಅದನ್ನೂ ಅದೇ ಎಂಟು ಡಿಸ್ಕಿನಲ್ಲಿಯೇ ಇಟ್ಟಿದ್ದರು!

ಈ ಯಂತ್ರವನ್ನು ಹದಿನೆಂಟು ವರ್ಷ ನೋಡಿಕೊಂಡವನು ಬನಪ್ಪ. ನೇಕಾರರ ಮನೆಯವನು. ದೊಡ್ಡ ಓದೇನಿಲ್ಲ, ಮುಟ್ಟಿ ನೋಡಿ ಕಲಿತವನು. ಡಿಸ್ಕಿಗೆ ನಂಬರಿನ ಚೀಟಿ ಅಂಟಿಸಿದರೆ ಯಂತ್ರದ ಕಾವಿಗೆ ಉದುರಿ ಬೀಳುತ್ತಿತ್ತು. ಆಗ ಅವನಿಗೆ ಅವ್ವನ ನೆನಪಾಯಿತು. ಅವ್ವ ಮಗ್ಗದಲ್ಲಿ ಕುಳಿತಾಗ ಲೆಕ್ಕ ಮರೆಯಬಾರದೆಂದು ದಾರಕ್ಕೆ ಗಂಟು ಹಾಕುತ್ತಿದ್ದಳು. ಬನಪ್ಪನೂ ಹಾಗೇ ಮಾಡಿದ. ಪ್ರತಿ ವರ್ಷ ಆಯುಧಪೂಜೆಯ ದಿನ ಎಂಟು ಡಿಸ್ಕಿಗೂ ಅರಿಷಿಣ ಹಚ್ಚಿದ ಹೊಸ ದಾರ ಕಟ್ಟುತ್ತಿದ್ದ. ಮೊದಲನೆಯದರ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಎಂಟನೆಯದಕ್ಕೆ ಎಂಟು. ನೋಡಿದವರು ಪೂಜೆಯ ದಾರ ಅಂತ ಕೈಮುಗಿದು ಹೋಗುತ್ತಿದ್ದರು. ಸಾಹುಕಾರನೂ ಮುಗಿಯುತ್ತಿದ್ದ. ಎಂಟು ದಾರದಲ್ಲಿ ಯಾಕೆ ಬೇರೆ ಬೇರೆ ಗಂಟು ಅಂತ ಹದಿನೆಂಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ಸಾಗಿಸುವ ಕೆಲಸವನ್ನು ಸಾಹುಕಾರ ದೊಡ್ಡ ಶಹರದ ಇಂಜಿನಿಯರನೊಬ್ಬನಿಗೆ ಕೊಟ್ಟ. ಬನಪ್ಪ ಬಂದು ನಿಂತ. "ಸಾಹುಕಾರ್ರ, ಆ ಡಿಸ್ಕಿಂದು ಒಂದ್ ಮಾತು ಹೇಳೂದಿತ್ತರಿ."

"ನಾಳೆ ಹೇಳೀಯಂತ ತಗೋ. ಈಗ ಪೆಂಡಾಲದವರು ಬಂದಾರ."

ಮರುದಿನ ಬಂದ. ಅಡುಗೆಯವರು ಬಂದಿದ್ದರು. ಅದರ ಮರುದಿನ ಬಂದ. "ಬನಪ್ಪ, ಅದನ್ನೆಲ್ಲಾ ಇಂಜಿನಿಯರ್ ನೋಡ್ಕೋತಾನ. ನೀ ಹಿರ್ಯಾ ಮನಶ್ಯಾ, ಗುರುವಾರ ಬಾಗಿಲಾಗ ನಿಂತು ಬಂದವರಿಗೆ ಪನ್ನೀರು ಹಾಕು, ಸಾಕು" ಅಂದ ಸಾಹುಕಾರ. ಗೌರವ ಕೊಟ್ಟೆ ಅಂತಲೇ ಅವನು ತಿಳಿದಿದ್ದ. ನಾವೂ ಹಾಗೇ ತಿಳಿಯುತ್ತೇವೆ, ಅಲ್ಲವೇ?

ಗುರುವಾರ ಬಂತು. ದಾರಿಯಲ್ಲಿ ಅಲುಗಾಡಿ ಕೆಡಬಾರದೆಂದು ಇಂಜಿನಿಯರ್ ಎಂಟೂ ಡಿಸ್ಕು ಹೊರಗೆ ತೆಗೆದ. ಸಾಹುಕಾರ ತಾನೇ ಅವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ತಂದ. ಅಷ್ಟು ಜೋಪಾನ! ಬನಪ್ಪ ಆಗ ಪನ್ನೀರು ತುಂಬಿಸಿಕೊಳ್ಳಲು ಹಿತ್ತಲಿಗೆ ಹೋಗಿದ್ದ. ಹೊಸ ಬಾಗಿಲ ಮುಂದೆ ಮನೆಯ ಹಿರಿಯರೊಬ್ಬರು ನೆನಪಿಸಿದರು: ಹಳೆಯ ಪೂಜೆಯದು ಏನೂ ಹೊಸ ಮನೆಯ ಹೊಸ್ತಿಲು ದಾಟಬಾರದು, ಹರಿಯುವ ನೀರಿಗೆ ಬಿಡಬೇಕು. ಸರಿ, ಒಣಗಿದ ತೋರಣ, ಬಾಡಿದ ಹಾರ ಎಲ್ಲ ಬುಟ್ಟಿಗೆ ಬಿದ್ದವು. ಸಾಹುಕಾರನ ಕಣ್ಣು ಡಿಸ್ಕುಗಳ ಮೇಲೆ ಬಿತ್ತು. ಬೇರೆಯವರ ಕೈ ಯಾಕೆ ಅಂತ ತಾನೇ ಕತ್ತರಿ ತೆಗೆದುಕೊಂಡ. ಒಂದೊಂದೇ ದಾರ ಕತ್ತರಿಸಿ, ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಹಾಕಿದ. ಬುಟ್ಟಿ ಕಾಲುವೆಗೆ ಹೋಯಿತು. ಆಮೇಲೆ ಕಸ ಗುಡಿಸುವ ಹುಲಿಗೆವ್ವನನ್ನು ಕರೆದು, "ಇವನ್ನ ಸ್ವಚ್ಛಂಗ ಒರಿಸವ್ವಾ" ಅಂದ.

ಮುಹೂರ್ತ ಚೆನ್ನಾಗಿಯೇ ಆಯಿತು. ಮಂಗಳಾರತಿ, ಕಾಯಿ, ಸಕ್ಕರೆ. ಇಂಜಿನಿಯರ್ ಯಂತ್ರದ ಮುಂದೆ ಕುಳಿತವನು ಏಳಲಿಲ್ಲ.

"ಸರ್, ಇವುಗಳ ಮೇಲೆ ಖಾನೆ ನಂಬರ್ ಯಾವುದೂ ಇಲ್ವಲ್ಲ? ಬಿಚ್ಚುವಾಗ ನಾನೂ ಗಮನಿಸಲಿಲ್ಲ. ಸುಮ್ಮನೆ ಹಾಕಿದ್ರೆ ಡೇಟಾ ಹೋಗುತ್ತೆ."

ಅಷ್ಟರಲ್ಲಿ ಫೋನು ಬಂತು. ತಾಲೂಕು ಊರಿನ ಆಸ್ಪತ್ರೆಯ ಡಾಕ್ಟರು. "ಸಾಹುಕಾರ್ರ, ಮೆಣಸಿನಕಾಯಿ ಹರಿಯಾಕ ಹೋದ ಹೆಣ್ಮಗಳಿಗೆ ಹಾವು ಕಡದೈತ್ರಿ. ನಮ್ಮ ಕಡೆ ಇದ್ದ ಇಂಜೆಕ್ಷನ್ ಹಾಕೀವಿ, ಸಾಲವಲ್ದು. ಇನ್ನೂ ಹತ್ತು ಬೇಕು. ಗಾಡಿ ಬಿಟ್ಟೀನಿ, ಮುಕ್ಕಾಲು ತಾಸಿನ್ಯಾಗ ನಿಮ್ಮ ಬಾಗಿಲಾಗ ಇರ್ತೈತಿ. ಬ್ಯಾರೆ ಕಡೆಯಿಂದ ತರಸಬೇಕಂದ್ರ ನಾಕು ತಾಸು ಬೇಕು, ಅಷ್ಟೊತ್ತು ಆಕಿ ತಡಿಯಂಗಿಲ್ಲ. ಐತಲ್ರಿ ನಿಮ್ಮ ಹತ್ರ?"

"ಐತ್ರಿ" ಅಂದ ಸಾಹುಕಾರ.

ಇತ್ತು. ಸುಳ್ಳಲ್ಲ. ಆದರೆ ಎಲ್ಲಿತ್ತು? ನಾಲ್ಕು ಸಾವಿರ ಪೆಟ್ಟಿಗೆಯಲ್ಲಿ ಎಲ್ಲೋ ಒಂದರಲ್ಲಿತ್ತು. ಫೋನು ಕೆಳಗಿಟ್ಟವನೇ ಗೋದಾಮಿಗೆ ಓಡಿದ. ಹದಿನೈದು ಹಮಾಲರಿಗೆ ಪೆಟ್ಟಿಗೆ ಒಡೆಯಲು ಹೇಳಿದ. ಅವರು ಒಡೆದರು, ಹತ್ತು, ಇಪ್ಪತ್ತು, ನಲವತ್ತು. ಅವನು ಗೋದಾಮಿನ ಆ ತುದಿ ಈ ತುದಿ ನೋಡಿದ. ಮೂವತ್ತು ವರ್ಷದ ಮಾತು ಇವತ್ತು ಹೋಗುತ್ತದೆ ಅನ್ನಿಸಿತು. ಮಾತು ಹೋಗಲಿ, ಆ ಹೆಣ್ಣುಮಗಳು? ಆಗ ನೆನಪಾಯಿತು, ಬಾಗಿಲಲ್ಲಿ ಒಬ್ಬ ಪನ್ನೀರು ಹಾಕುತ್ತ ನಿಂತಿದ್ದಾನೆ ಅಂತ.

ಬನಪ್ಪ ಪನ್ನೀರುದಾನಿ ಹಿಡಿದುಕೊಂಡೇ ಓಡಿ ಬಂದ. ಡಿಸ್ಕು ನೋಡಿ, "ದಾರ ಎಲ್ಲಿ ಹೋದುವ್ರಿ?" ಅಂದ.

"ಕತ್ತರಿಸಿದೆ."

"ಎಲ್ಲದಾವು?"

"ಕಾಲುವಿಗೆ ಬಿಟ್ಟೆ, ಬನಪ್ಪ. ಪೂಜಿ ದಾರ ಅಂತ ತಿಳದಿದ್ದೆ."

"ಪೂಜಿದೂ ಹೌದ್ರಿ. ನಂಬರೂ ಅದ ಇತ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸಾಹುಕಾರನಿಗೆ. ಬನಪ್ಪ ಒಂದು ಡಿಸ್ಕು ಎತ್ತಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದ. ತಿರುಗಿಸಿದ. ಮುಖಕ್ಕೆ ಹತ್ತಿರ ತಂದ. ಆಮೇಲೆ ನಿಧಾನವಾಗಿ, "ಇದು ಮೂರು" ಅಂದ.

ಹೇಗೆ ಗೊತ್ತಾಯಿತು? ತಾಯಂದಿರೇ, ನೀವು ಹೇಳಿ. ಸೆರಗಿಗೆ ಬಿದ್ದ ಅರಿಷಿಣ ಒಂದು ಒಗೆತಕ್ಕೆ ಹೋಗುತ್ತದೆಯೇ? ನಗುತ್ತಿದ್ದೀರಿ, ನಿಮಗೆ ಗೊತ್ತು. ಹದಿನೆಂಟು ವರ್ಷ, ಅದೇ ಜಾಗದಲ್ಲಿ, ಅದೇ ಗಂಟು. ಬಿಳಿ ಹಿಡಿಕೆಯ ಮೇಲೆ ಗಂಟು ಕುಳಿತಲ್ಲೆಲ್ಲ ಹಳದಿ ಚುಕ್ಕಿ ಬಿದ್ದಿತ್ತು. ಮೂರು ಗಂಟಿಗೆ ಮೂರು ಚುಕ್ಕಿ. ಹೀಗೆ ಬಿಸಿಲಿಗೆ ಹಿಡಿದು ಹಿಡಿದು ಆರು ಡಿಸ್ಕಿನ ಗುರುತು ಹಿಡಿದ. ಇನ್ನು ಎರಡು ಉಳಿದವು, ಐದನೆಯದು ಮತ್ತು ಏಳನೆಯದು. ಆ ಎರಡರ ಹಿಡಿಕೆ ಮಾತ್ರ ಬೆಳ್ಳಗೆ ಬೆಳಗಿಹೋಗಿತ್ತು.

"ಒರಿಸಿದವರು ಯಾರ್ರಿ?" ಅಂದ ಬನಪ್ಪ.

ಹುಲಿಗೆವ್ವ ಬಂದಳು. ಹೆದರಿ ಬಾಗಿಲ ಹತ್ತಿರವೇ ನಿಂತಳು. "ಎಪ್ಪಾ, ನಂದ ತಪ್ಪಾತ್ರಿ. ಹೊಲಸು ಐತಿ ಅಂತ ಇವೆರಡಕ್ಕ ಸಾಬಾಣ ಹಚ್ಚಿ ತಿಕ್ಕೀನಿ. ಉಳಿದುವನ್ನ ತಿಕ್ಕೂದ್ರಾಗ ಮಂಗಳಾರತಿಗೆ ಕರದ್ರಿ, ಬರೇ ಒರಿಸಿ ಇಟ್ಟೆ."

"ತಪ್ಪೇನಿಲ್ಲಬೇ. ಯಾವುದರಾಗ ಎಷ್ಟು ಚುಕ್ಕಿ ಇದ್ವು, ನೆನಪೈತೇನು?"

ಅವಳು ಎರಡನ್ನೂ ಕೈಯಲ್ಲಿ ಹಿಡಿದಳು. ಬೆರಳಿನಿಂದ ಸವರಿದಳು. "ಇದರಾಗ ಐದು."

"ಎಣಿಸಿದ್ಯಾ?" ಅಂದ ಸಾಹುಕಾರ.

"ಎಣಿಸೂದೇನ್ರಿ ಧಣ್ಯಾರ, ಒಂದೊಂದನ್ನೂ ಉಗುರ್ಲೆ ಕೆರದೀನಿ. ಇಲ್ನೋಡ್ರಿ ಗೀರು. ಅದರಾಗ ಇನ್ನೂ ಹೆಚ್ಚಿದ್ವು, ಕೆರದು ಕೆರದು ಬ್ಯಾಸರಾತು."

ಇಂಜಿನಿಯರ್ ಎದ್ದು ನಿಂತ. "ಸರ್, ಒಂದು ಹೆಚ್ಚುಕಡಿಮೆ ಆದ್ರೂ ಎಲ್ಲಾ ಅಳಿಸಿಹೋಗುತ್ತೆ. ಇವರ ಮಾತು ಕೇಳಿ ಹಾಕಿದ್ರೆ ನಾನು ಜವಾಬ್ದಾರಿ ಅಲ್ಲ."

ಸಾಹುಕಾರ ಗಡಿಯಾರ ನೋಡಿದ. ಹುಲಿಗೆವ್ವನ ಉಗುರು ನೋಡಿದ. ಬೆರಳ ತುದಿಯೆಲ್ಲ ಹಳದಿಯಾಗಿತ್ತು. "ಜವಾಬ್ದಾರಿ ನಂದು. ಬನಪ್ಪ, ಹಾಕಪಾ" ಅಂದ.

ಬನಪ್ಪ ಒಂದೊಂದನ್ನೇ ಅದರದರ ಖಾನೆಗೆ ತಳ್ಳಿದ. ಗುಂಡಿ ಒತ್ತಿದ. ಯಂತ್ರ ಗುರ್ ಅಂದಿತು, ಸುಮ್ಮನಾಯಿತು, ಮತ್ತೆ ಗುರ್ ಅಂದಿತು. ಆ ಎರಡು ನಿಮಿಷ ಸಾಹುಕಾರ ಯಾವ ದೇವರ ಹೆಸರನ್ನೂ ಹೇಳಲಿಲ್ಲವಂತೆ, ಬನಪ್ಪನ ಕೈಯನ್ನೇ ನೋಡುತ್ತಿದ್ದನಂತೆ. ಪರದೆ ಬೆಳಗಿತು. ಬನಪ್ಪ ಔಷಧಿಯ ಹೆಸರು ಒತ್ತಿದ. ಪೆಟ್ಟಿಗೆ ನಂಬರು ಎರಡು ಸಾವಿರದ ಮುನ್ನೂರ ಹದಿನಾರು. ಹಮಾಲರು ಓಡಿದರು. ಹೊರಗೆ ಆಸ್ಪತ್ರೆಯ ಗಾಡಿ ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಹತ್ತು ಇಂಜೆಕ್ಷನ್ನನ್ನು ಸಾಹುಕಾರ ತಾನೇ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ.

ಆ ಹೆಣ್ಣುಮಗಳು ಉಳಿದಳೇ? ಉಳಿದಳು. ಐದನೆಯ ದಿನ ಮನೆಗೆ ಹೋದಳು.

ಬೀಗರು, ನೆಂಟರು ಉಂಡು ಹೋದ ಮೇಲೆ ಸಾಹುಕಾರ ಬನಪ್ಪನ ಹತ್ತಿರ ಬಂದ. "ಬನಪ್ಪ, ಇಷ್ಟು ದೊಡ್ಡ ಮಾತು, ನೀ ಯಾಕ ಮೊದಲ ಹೇಳಲಿಲ್ಲ?"

"ಮೂರು ಸಲ ಬಂದಿದ್ನಿರಿ, ಸಾಹುಕಾರ್ರ. ನಾಳೆ ಅಂದ್ರಿ."

ಸಾಹುಕಾರ ಒಳಗೆ ಹೋದ. ಪೂಜೆಯ ತಟ್ಟೆಯಲ್ಲಿ ಉಳಿದ ಅರಿಷಿಣ, ಒಂದು ದಾರದ ಉಂಡೆ ತಂದು ಹೊಸ ಆಫೀಸಿನ ನೆಲದ ಮೇಲೆ ಕುಳಿತ. ಹುಲಿಗೆವ್ವನನ್ನೂ ಕರೆದು ಕೂರಿಸಿಕೊಂಡ. "ಗಂಟು ಹೆಂಗ ಹಾಕ್ತಿ, ನನಗೂ ತೋರಸು" ಅಂದ. ಮೊದಲನೆಯ ಗಂಟು ಸಡಿಲವಾಯಿತು. ಬನಪ್ಪ ಬಿಚ್ಚಿ ಮತ್ತೆ ಹಾಕಿಸಿದ.

ಕಥೆ ಇಷ್ಟೇ. ಈಗ ನನ್ನ ಕಡೆ ನೋಡಬೇಡಿ, ನಿಮ್ಮ ನಿಮ್ಮ ಮನೆಯ ಕಡೆ ನೋಡಿ. ಆ ಸಾಹುಕಾರ ಕೆಟ್ಟವನೇ? ಅಲ್ಲ. ದಾರಕ್ಕೆ ಕೈಮುಗಿದ. ಕತ್ತರಿಸಿದ ಮೇಲೂ ಕಣ್ಣಿಗೆ ಒತ್ತಿಕೊಂಡ. ದಾರ ಕಂಡಿತು, ಕಟ್ಟಿದವನು ಕಾಣಲಿಲ್ಲ. ನಾವು ದಿನಾ ಮಾಡುವುದು ಇದೇ ಅಲ್ಲವೇ? ಮೂರು ದಿನದಿಂದ ಇಲ್ಲಿ ಪ್ರವಚನ ನಡೆದಿದೆ. ಈ ಮೈಕು ಕಟ್ಟಿದವರ ಹೆಸರು ನಿಮಗೆ ಗೊತ್ತೇ? ಕೈ ಎತ್ತಿ. ಒಬ್ಬರೂ ಇಲ್ಲ. ನನಗೂ ಗೊತ್ತಿಲ್ಲ, ನೋಡಿ. ಮೂರು ದಿನ ಇದೇ ಮೈಕಿನಲ್ಲಿ ಮಾತಾಡಿದ ನನಗೂ ಗೊತ್ತಿಲ್ಲ. ಕೆಳಗಿಳಿದ ತಕ್ಷಣ ನಾನು ಮೊದಲು ಮಾಡುವ ಕೆಲಸ ಅದು.

ನೀವು ಮಾಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲೋ ಅಂಗಡಿಯಲ್ಲೋ ಏನಾದರೂ ಹಳೆಯದು ಕಣ್ಣಿಗೆ ಚುಚ್ಚುತ್ತಿದೆಯೇ? ಅತ್ತೆ ಡಬ್ಬಿಗೆ ಸುತ್ತಿದ ಚಿಂದಿ, ನೌಕರ ಗೋಡೆಗೆ ಎಳೆದ ಗೀಟು? ಎಸೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಅವರ ಹತ್ತಿರ ಹೋಗಿ, "ಇದು ಯಾಕೆ ಕಟ್ಟಿದ್ದು?" ಅಂತ ಕೇಳಿ. ಕೇಳಿ, ನಿಂತು, ಉತ್ತರ ಮುಗಿಯುವವರೆಗೆ ಇರಿ. ಇನ್ನೊಂದು. ಯಾರೋ ಒಂದು ಮಾತು ಹೇಳಲು ಬಂದು, ನಾಳೆ ಅನ್ನಿಸಿಕೊಂಡು ಹೋಗಿದ್ದಾರೆ. ಅವರ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂದಿದೆ, ನನಗೆ ಕಾಣುತ್ತಿದೆ. ಮಂಗಳಾರತಿ ಆದ ಮೇಲೆ ಪ್ರಸಾದಕ್ಕೆ ಅವಸರ ಬೇಡ, ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಅವರಿಗೆ ಫೋನು ಮಾಡಿ, "ಅವತ್ತು ಏನೋ ಹೇಳಲು ಬಂದಿದ್ದೆಯಲ್ಲ, ಈಗ ಹೇಳು" ಅನ್ನಿ.