ನಲ್ಲೂರು ತೋಪಿಗೆ ಮಕ್ಕಳು

ದೇವನಹಳ್ಳಿಯ ಸೀಮೆಎಣ್ಣೆ ಅಂಗಡಿಯ ಮುಂದೆ ಸಾಲಿನಲ್ಲಿ ಡಬ್ಬ ಹಿಡಿದು ನಿಂತೂ ನಿಂತೂ ವಜೀರನ ತಲೆ ಕಾದಿತ್ತು. ಯಾರ ಮೇಲೆ ಹರಿಹಾಯಲಿ ಎಂದು ನೋಡುತ್ತಿದ್ದವನ ಮುಂದೆಯೇ ದ್ಯಾವಮ್ಮ ಶಿಶುವಿಹಾರದ ಶಂಶುನ್ನೀಸಾ ಅವರನ್ನು ಮಾತಿಗೆ ಹಿಡಿದಳು.

“ನಾಳೆ ಮಕ್ಕಳ್ನ ನಲ್ಲೂರು ಹುಣಸೆತೋಪಿಗೆ ಕರ್ಕೊಂಡು ಹೋಗ್ತೀರಂತೆ, ಮೇಷ್ಟ್ರಮ್ಮ?”

“ಹೂಂ. ಹಣ್ಣು ಆಯ್ಲಿ, ಅಳಿಲು ನೋಡ್ಲಿ. ನಾಲ್ಕು ಗೋಡೆ ನೋಡ್ಕೊಂಡು ಏನು ಕಲೀತಾವೆ?”

“ಅಲ್ಲಿ ನನ್ನ ಮಗನ ಹೆಸರು ಮಾತ್ರ ಕೂಗ್ಬೇಡಿ. ಮರದಾಗಿರೋ ದೆವ್ವ ಕೇಳಿಸ್ಕೊಂಡ್ಬಿಡ್ತದೆ.”

“ಆಯ್ತು, ಕೂಗಲ್ಲ. ತಲೆ ಎಣಿಸ್ತೀನಿ.”

“ಅಯ್ಯೋ, ಎಣಿಸ್ಲೂಬೇಡಿ! ಎಣಿಸಿದ ಮಕ್ಕಳು ಉಳಿಯಲ್ಲ. ಇಬ್ಬರನ್ನ ಮಣ್ಣಿಗೆ ಕೊಟ್ಟೋಳು ನಾನು, ಇರೋನು ಇವನೊಬ್ಬ.”

“ಕೂಗಂಗಿಲ್ಲ, ಎಣಿಸಂಗಿಲ್ಲ. ಒಬ್ಬ ಕಳೆದ್ರೆ ನಂಗೆ ಹೆಂಗಮ್ಮ ತಿಳೀಬೇಕು?”

“ಕಳೆಯೋ ಮಾತು ಯಾಕಾಡ್ತೀರಿ!”

ಶಂಶುನ್ನೀಸಾ ತಮ್ಮ ಡಬ್ಬ ಕೆಳಗಿಟ್ಟರು.

“ಬಾವಿ ಹಗ್ಗ ತರ್ತೀನಿ. ಮಗೂಗೊಂದು ಗಂಟು ಹಾಕ್ತೀನಿ. ಅದನ್ನ ಹಿಡ್ಕೊಂಡೇ ನಡೀಲಿ. ಗಂಟು ಖಾಲಿ ಕಂಡ್ರೆ ಹುಡುಕ್ತೀನಿ. ಎಣಿಸೋ ಮಾತೇ ಇಲ್ಲ.”

“ಅವನು ಕೈ ಬಿಟ್ಟು ಓಡಿದ್ರೆ?”

“ಹಿಂದೇನೇ ನಾನೂ ಓಡ್ತೀನಿ.”

“ಈ ಮಂಡಿನೋವು ಇಟ್ಕೊಂಡಾ?”

“ಹಂಗಾದ್ರೆ ನೀನೇ ಬಾ!”

“ನಾಳೆ ಕೂಲಿ ಐತೆ...”

ಸಾಲು ಜರುಗಿತು. ಹಿಂದಿನವನು ತಳ್ಳಿದ, ವಜೀರ ಜಗಳಕ್ಕೂ ತಿರುಗದೆ ಕಿವಿಗೊಟ್ಟು ನಿಂತ. ಎಣ್ಣೆ ಹಾಕಿಸಿಕೊಂಡು ಹೊರಟ ದ್ಯಾವಮ್ಮ ನಾಲ್ಕು ಹೆಜ್ಜೆ ಹೋಗಿ ನಿಂತಳು.

“ಮೇಷ್ಟ್ರಮ್ಮ, ಒಂದು ಗಂಟು ಜಾಸ್ತಿ ಹಾಕಿ. ಅವನ ಹಿಂದಿಂದು ನಂದು.”

ಅಷ್ಟು ಹೇಳಿ, ಉತ್ತರಕ್ಕೂ ಕಾಯದೆ, ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಬೀದಿ ತಿರುವಿನಲ್ಲಿ ಮರೆಯಾದಳು.