ಗಿಡಕ್ಕೆ ಮೊದಲು, ಮನುಷ್ಯನಿಗೆ ಆಮೇಲೆ

ಅಧ್ಯಕ್ಷತೆ ವಹಿಸಿರುವ, ಈ ಸೀಮೆಯ ಆಡಳಿತಾಧಿಕಾರಿಗಳಾದ ಮಾನ್ಯ ಕಾಯಿದ್ ಅವರೇ, ಪಟ್ಟಣದಿಂದ ಗುಡ್ಡ ಹತ್ತಿ ಬಂದಿರುವ ಕೃಷಿ ಅಧಿಕಾರಿ ಸುಕೈನಾ ಅವರೇ, ನಮ್ಮ ಸಹಕಾರ ಸಂಘದ ಸದಸ್ಯರೇ, ಪುದೀನ ಚಹಾ ಕುದಿಯುತ್ತಿರುವ ಕಡೆಗೇ ಮುಖ ಮಾಡಿ ಕುಳಿತಿರುವ ಸಭಿಕರೇ,

ಎಲ್ಲರಿಗೂ ಸಲಾಂ. ‘ಪರವಾನಗಿಯ ನಿಯಮಗಳು ಮತ್ತು ರೈತ’ ಎಂಬ ವಿಷಯವಾಗಿ ಹತ್ತು ನಿಮಿಷ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಯಾದ ನನಗೆ ಅಪ್ಪಣೆಯಾಗಿದೆ. ನಾನು ಅಕ್ಷರ ಕಲಿತದ್ದು ನಲವತ್ತರ ನಂತರ. ಬರೆದುಕೊಂಡು ಬಂದದ್ದು ಎರಡೇ ಹಾಳೆ. ಆದ್ದರಿಂದ ನೀವು ಹೆದರಬೇಕಾಗಿಲ್ಲ.

ನಿಯಮಗಳು ನಿಮಗೆ ಗೊತ್ತೇ ಇವೆ. ಒಪ್ಪಿಗೆ ಪಡೆದ ಬೀಜವನ್ನೇ ಬಿತ್ತಬೇಕು. ಅಳೆದುಕೊಟ್ಟ ಗಡಿ ದಾಟಬಾರದು. ಕೊಯ್ದದ್ದೆಲ್ಲ ತೂಕವಾಗಿ ಔಷಧಿ ಕಾರ್ಖಾನೆಗೆ ಹೋಗಬೇಕು. ಹೆಚ್ಚಾದದ್ದನ್ನು ಅಧಿಕಾರಿಗಳ ಕಣ್ಣೆದುರೇ ಸುಡಬೇಕು. ಅಜ್ಜಂದಿರ ಕಾಲದಿಂದ ಈ ರಿಫ್ ಗುಡ್ಡಗಳಲ್ಲಿ ಕೀಫ್ ಬೆಳೆದವರಿಗೆ ‘ಗಾಂಜಾ ಬೆಳೆಯುವುದು ಹೀಗೆ’ ಎಂದು ಒಂದು ಕಾಗದ ಪಾಠ ಹೇಳಿದಾಗ ನಗು ಬಂದದ್ದು ನಿಜ. ಆದರೆ ನಾನು ನಿಯಮಗಳನ್ನು ದೂರಲು ನಿಂತಿಲ್ಲ. ಹೆದರಿಕೆಗಿಂತ ನಿಯಮ ಮೇಲು. ನಿಯಮವನ್ನು ಓದಿ ತಿಳಿಯಬಹುದು. ಹೆದರಿಕೆಯನ್ನು ಓದುವುದು ಹೇಗೆ?

ನನ್ನ ದೂರು ಒಂದೇ. ಕಾನೂನು ಮೊದಲು ಗಿಡವನ್ನು ಬಿಡುಗಡೆ ಮಾಡಿತು. ಮನುಷ್ಯನ ನೆನಪು ಅದಕ್ಕೆ ಬಂದದ್ದು ಮೂರು ವರ್ಷ ತಡವಾಗಿ. ಪರವಾನಗಿ ಬೇಕಾದರೆ ಗುರುತಿನ ಚೀಟಿ ಬೇಕು. ಚೀಟಿ ಬೇಕಾದರೆ ಪೊಲೀಸ್ ಕಚೇರಿಗೆ ಹೋಗಿ ಬೆರಳು ಒತ್ತಬೇಕು. ಹಳೆಯ ಕೇಸಿನಲ್ಲಿ ಹೆಸರಿದ್ದವನು ಅಲ್ಲಿಗೆ ಹೋಗುವುದುಂಟೇ? ನಮ್ಮ ಹೊಲ ನನ್ನ ಗಂಡ ಶಾಯಿಬ್ ಅವರ ಹೆಸರಿನಲ್ಲಿದೆ. ಯಾರೋ ಬರೆದ ಹೆಸರಿಲ್ಲದ ಪತ್ರದಿಂದಾಗಿ ಅವರು ಹತ್ತೊಂಬತ್ತು ವರ್ಷ ಪೊಲೀಸರ ಪಟ್ಟಿಯಲ್ಲಿದ್ದರು. ಆ ಮೂರು ವರ್ಷ ನಾವು ಏನು ಬೆಳೆದೆವೆಂದು ಮಾನ್ಯ ಕಾಯಿದ್ ಅವರು ಕೇಳಬಾರದು. ಆಲೂಗಡ್ಡೆ ಎಂದು ಬರೆದುಕೊಳ್ಳಲಿ.

ಹತ್ತೊಂಬತ್ತು ವರ್ಷ ಎಂದೆ. ಅಷ್ಟು ವರ್ಷ ಅವರು ಸಂತೆ ಕಂಡಿಲ್ಲ. ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದಾದರೆ ತಿನ್ನುತ್ತಿದ್ದ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ದೇವದಾರು ಕಾಡಿಗೆ ಓಡುತ್ತಿದ್ದರು. ಮಗಳು ಲೂಯಿಜಾಳ ಮದುವೆ ಪಟ್ಟಣದಲ್ಲಾಯಿತು. ತಂದೆ ಎಲ್ಲಿ ಎಂದು ಬೀಗರು ಕೇಳಿದಾಗ ಸ್ಪೇನಿನಲ್ಲಿ ಕೆಲಸಕ್ಕಿದ್ದಾರೆ ಎಂದೆ. ಆ ಸುಳ್ಳಿಗೆ ಬೀಗರು ಕೊಟ್ಟ ಮರ್ಯಾದೆ ಅಷ್ಟಿಷ್ಟಲ್ಲ.

ಆಮೇಲೆ ಹಳೆಯ ಗಾಂಜಾ ಕೇಸಿನವರಿಗೆಲ್ಲ ರಾಜರ ಕ್ಷಮಾದಾನವೆಂಬ ಸುದ್ದಿ ಬಂತು. ರೇಡಿಯೊದಲ್ಲಿ ಕೇಳಿದವಳು ನಾನು. ಅವರು ಆಗ ಮೇಲಿನ ಹೊಲದಲ್ಲಿದ್ದರು. ಓಡಿಹೋಗಿ ಹೇಳಿದೆನೇ? ಇಲ್ಲ. ನಾಲ್ಕು ದಿನ ಹೇಳಲಿಲ್ಲ. ಹತ್ತೊಂಬತ್ತು ವರ್ಷ ಸಂತೆಗೆ ಹೋದವಳು ನಾನು, ಕಚೇರಿಯಲ್ಲಿ ನಿಂತವಳು ನಾನು, ಈ ಸಂಘ ಕಟ್ಟಲು ಮನೆಮನೆ ತಿರುಗಿದವಳು ನಾನು. ಇನ್ನು ಇವರು ಇಳಿದುಬಂದರೆ ನಾನು ಮತ್ತೆ ಒಲೆಯ ಮುಂದೆ ಎಂಬ ಯೋಚನೆ... ಇದು ನನ್ನ ಹಾಳೆಯಲ್ಲಿ ಇಲ್ಲ. ಎರಡನೆಯ ಸಾಲಿನಲ್ಲಿ ಕುಳಿತಿರುವ ಅವರಿಗೂ ಈ ವಿಷಯ ತಿಳಿಯುತ್ತಿರುವುದು ಈಗಲೇ. ಇರಲಿ, ಮನೆಯಲ್ಲಿ ಮಾತಾಡಿಕೊಳ್ಳುತ್ತೇವೆ.

ಐದನೆಯ ದಿನ ಹೇಳಿದೆ. ಅವರು ನಂಬಲಿಲ್ಲ.

“ಇಲಿ ಹಿಡಿಯೋಕೆ ಬೆಣ್ಣೆ ಇಟ್ಟಿದಾರೆ ಕಣೇ. ನಾನು ಹೋಗಲ್ಲ.”

“ಹಂಗಾದ್ರೆ ಸಾಯೋವರೆಗೂ ಈ ಆಲೂಗಡ್ಡೆನೇ ಬೆಳೀತಿರು,” ಎಂದೆ.

ಅವರು ಎದ್ದು ಮೇಲಿನ ಹೊಲಕ್ಕೆ ಹೋದರು. ಆಮೇಲೊಂದು ಸೋಮವಾರ ತಾವಾಗಿಯೇ ಮದುವೆಯ ನಿಲುವಂಗಿ, ಆ ಹಳೆಯ ಜಲ್ಲಾಬ ತೊಟ್ಟು ನಿಂತರು. ಚೀಲದಲ್ಲಿ ಎರಡು ಬಾರ್ಲಿ ರೊಟ್ಟಿ, ಒಂದು ಕಂಬಳಿ, ಮೂರು ಜೊತೆ ಕಾಲುಚೀಲ. ಜೈಲಿನ ನೆಲ ತಣ್ಣಗಿರುತ್ತದೆಂದು ಯಾರೋ ಹೇಳಿದ್ದರಂತೆ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯ ದಿನವೂ ಹಾಗೆ ಹಿಡಿದವರಲ್ಲ.

ಕಚೇರಿಯಲ್ಲಿ ಒಬ್ಬ ತರುಣ ಗುಮಾಸ್ತ ಹೆಸರು ಕೇಳಿದ, ಕಂಪ್ಯೂಟರಿನಲ್ಲಿ ನೋಡಿದ, ಇನ್ನೊಮ್ಮೆ ನೋಡಿದ. ಇವರು ಚೀಲವನ್ನು ಎದೆಗವಚಿಕೊಂಡರು. ನಾನು ಬಾಗಿಲ ಕಡೆ ನೋಡಿದೆ, ಎಷ್ಟು ಹೆಜ್ಜೆ ಎಂದು.

“ಹಾಜ್, ಇದಾಗಲ್ಲ,” ಎಂದ ಗುಮಾಸ್ತ, ಹಿರಿಯರಿಗೆ ಕೊಡುವ ಮರ್ಯಾದೆಯಿಂದಲೇ.

ಇವರು ಎರಡೂ ಕೈ ಮುಂದೆ ಚಾಚಿದರು. ಬೇಡಿ ತೊಡಿಸಲಿ ಎಂದು.

ಗುಮಾಸ್ತನಿಗೆ ಅರ್ಥವಾಗಲಿಲ್ಲ. “ಕೈ ಯಾಕೆ? ಫೋಟೋ ಸರಿಯಿಲ್ಲ. ಹಿಂದೆ ಬಿಳಿ ಗೋಡೆ ಇರ್ಬೇಕು. ಎದುರುಗಡೆನೇ ತೆಗೀತಾರೆ, ತೆಗೆಸ್ಕೊಂಡು ಬನ್ನಿ.”

“ಹೋಗಬಹುದಾ?”

“ಹೋಗಿ, ಹಾಜ್. ಬೇಗ ಬನ್ನಿ, ಹನ್ನೆರಡಕ್ಕೆ ಮುಚ್ತೀವಿ.”

ಸಭಿಕರೇ, ಹತ್ತೊಂಬತ್ತು ವರ್ಷ ಹೆದರಿದ್ದು ಯಾವುದಕ್ಕೆ? ಒಂದು ಬಿಳಿ ಗೋಡೆಗೆ. ನಾವಿಬ್ಬರೂ ಬೀದಿಯಲ್ಲಿ ನಿಂತು ಅಷ್ಟು ನಕ್ಕೆವು, ಕಣ್ಣೀರು ಬರುವಷ್ಟು. ಸ್ಟುಡಿಯೋದವನು ಬೈದ: “ನಗಬೇಡಿ ಅಜ್ಜ, ನಕ್ಕ ಫೋಟೋ ಸರ್ಕಾರ ತಗೊಳ್ಳಲ್ಲ.” ಅವರಿಂದ ತಡೆಯಲಾಗಲಿಲ್ಲ. ಆರನೆಯ ಸಲ ಸರಿಹೋಯಿತು. ಚೀಟಿ ಬಂತು, ಪರವಾನಗಿಯೂ ಬಂತು. ಅರ್ಜಿಯ ಪ್ರತಿ ಸಾಲನ್ನೂ ನಾನೇ ತುಂಬಿದೆ. ಅವರು ಪಕ್ಕದಲ್ಲಿ ಕುಳಿತು ಚಹಾ ಸೋಸಿಕೊಟ್ಟರು. ನಾನು ಒಲೆಗೆ ಹಿಂತಿರುಗಬೇಕಾಗಲಿಲ್ಲ ಎಂಬುದನ್ನೂ ಸಂಘದ ದಾಖಲೆಗಾಗಿ ಹೇಳಿಬಿಡುತ್ತೇನೆ.

ಸುಕೈನಾ ಅವರಲ್ಲಿ ಒಂದು ವಿನಂತಿ. ಬೀಜ ಏಪ್ರಿಲ್ ಕೊನೆಗೆ ಬಂದರೆ ಮಳೆ ಅದಕ್ಕಾಗಿ ಕಾಯುವುದಿಲ್ಲ. ನಿಯಮ ಮಾಡುವವರು ವರ್ಷಕ್ಕೊಂದು ಸಲ ನಮ್ಮ ಕೆಸರಿನಲ್ಲಿ ನಿಲ್ಲಲಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ಕೊಯ್ಲಿನ ಸಮಯದಲ್ಲಿ ಗಿಡ ಎಣಿಸುವ ಸರ್ಕಾರಿ ತಂಡ ಬಂತು, ಜೊತೆಯಲ್ಲಿ ಸಮವಸ್ತ್ರದ ಇಬ್ಬರು. ತಿರುವಿನಲ್ಲಿ ಜೀಪು ಕಂಡಿತು. ಶಾಯಿಬ್ ಕುಡುಗೋಲು ಕೆಳಗಿಟ್ಟರು. ಅವರ ಕಾಲು ಕಾಡಿನ ಕಡೆ ತಿರುಗಿದ್ದನ್ನು ನಾನು ಕಂಡೆ. ಕರೆಯಲಿಲ್ಲ. ಕರೆದಿದ್ದರೆ ಅದು ನನ್ನ ಧೈರ್ಯವಾಗುತ್ತಿತ್ತು. ಅವರು ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ ಗಿಡಗಳ ನಡುವಿನಿಂದ ದಾರಿಗೇ ಇಳಿದು ಬಂದರು.

“ಇಲ್ಲಿ ಶಾಯಿಬ್ ಅನ್ನೋರು ಯಾರು?” ಎಂದು ಸಮವಸ್ತ್ರದವನು ಕೇಳಿದ.

“ನಾನೇ,” ಎಂದರು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆ. ಚಹಾ ಆರುವ ಮುನ್ನ ಕುಳಿತುಕೊಳ್ಳುತ್ತೇನೆ. ನಮಸ್ಕಾರ.